ಇಷ್ಟವಾಗದವರು ಚೆನ್ನಾಗಿ ಓದಿದ್ದರು

ಹೆಸರು ಮಾಡಿದ ಪುಸ್ತಕವನ್ನು ಓದುವ ಗುಂಪಿಗೆ ತರಲೇಬಾರದು ಅನ್ನೋದು ನಮ್ಮಲ್ಲಿ ಕೆಲವರ ವಾದ. ತಂದರೆ ಪುಸ್ತಕ ಪಕ್ಕಕ್ಕೆ ಹೋಗಿ, ಅದಕ್ಕೆ ಬಂದ ಹೊಗಳಿಕೆಯೇ ಮಾತಿನ ವಿಷಯ ಆಗಿಬಿಡುತ್ತದೆ. ಅರ್ಧ ಜನ ಆ ಹೊಗಳಿಕೆಯನ್ನು ಮನೆಯಿಂದಲೇ ಒಪ್ಪಿಕೊಂಡು ಬಂದಿರುತ್ತಾರೆ. ಇನ್ನರ್ಧ ಜನ ಅದನ್ನು ಒಡೆಯೋಕೆ ಅಂತಲೇ ಬಂದಿರುತ್ತಾರೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದೋಣ ಅಂತ ತೀರ್ಮಾನ ಆದಾಗಲೂ ಇದೇ ಮಾತು ಬಂತು. ಸಣ್ಣ ಪುಸ್ತಕ, ನೂರು ಚಿಲ್ಲರೆ ಪುಟ, ಎಲ್ಲರೂ ಮುಗಿಸಿಕೊಂಡಾದರೂ ಬರುತ್ತಾರೆ ಅನ್ನೋ ಒಂದೇ ಕಾರಣಕ್ಕೆ ಅದು ಗೆದ್ದಿತು ಅಂತ ನನ್ನ ಅನುಮಾನ.

ನಮ್ಮದು ಬಸವನಗುಡಿ ಕಡೆಯ ಗುಂಪು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಅವರವರ ಕಸುಬಿನಿಂದಲೇ ಕರೆಯುತ್ತೇನೆ. ಅವೆನ್ಯೂ ರಸ್ತೆಯಲ್ಲಿ ಕಾಗದದ ಹೋಲ್‌ಸೇಲ್ ಅಂಗಡಿ ಇಟ್ಟಿರುವವರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆಸುವ ವಕೀಲೆ, ಹೈಸ್ಕೂಲ್ ಟೀಚರ್, ಸಾಫ್ಟ್‌ವೇರಿನ ಹುಡುಗ, ಮತ್ತೆ ನಾವೆಲ್ಲ ಆಂಟಿ ಅಂತಲೇ ಕರೆಯುವ ಒಬ್ಬ ಹಿರಿಯರು. ಆಂಟಿಗೆ ಎಪ್ಪತ್ತು ದಾಟಿದೆ. ನಮ್ಮೆಲ್ಲರಿಗಿಂತ ಜಾಸ್ತಿ ಓದುವವರು ಅವರೇ.

ಓದದೇ ಇರುವವರಿಗಾಗಿ ಕತೆ ಹೇಳಿಬಿಡುತ್ತೇನೆ, ಕೊನೆಯನ್ನೂ ಸೇರಿಸಿ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಓದಿ, ಆಮೇಲೆ ಬನ್ನಿ. ಬೆಂಗಳೂರಿನ ಒಂದು ಕುಟುಂಬ. ಒಂದರ ಹಿಂದೆ ಒಂದು ಕೋಣೆ ಇರುವ ಪುಟ್ಟ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ ಮಾಲತಿ ಮತ್ತು ಕತೆ ಹೇಳುವ ಹುಡುಗ. ಅಪ್ಪ ಸೇಲ್ಸ್‌ಮನ್. ಒಂದು ದಿನ ಅವನು ಅವಧಿಗೆ ಮುಂಚೆ ಕೆಲಸ ಬಿಡಬೇಕಾಗುತ್ತದೆ. ಆಗ ಕೈಗೆ ಬಂದ ಹಣವನ್ನು ಚಿಕ್ಕಪ್ಪ ಶುರು ಮಾಡುವ ಸೋನಾ ಮಸಾಲಾ ಅನ್ನೋ ವ್ಯಾಪಾರಕ್ಕೆ ಹಾಕುತ್ತಾರೆ. ಮಸಾಲೆ ಪದಾರ್ಥವನ್ನು ಸಗಟಾಗಿ ತರಿಸಿ, ಸಣ್ಣ ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಕೊಡೋ ವ್ಯಾಪಾರ. ಅದು ಕುದುರುತ್ತದೆ. ದೊಡ್ಡ ಮನೆ ಬರುತ್ತದೆ. ಮಗ ಕಂಪನಿಯ ಡೈರೆಕ್ಟರ್ ಆಗುತ್ತಾನೆ, ಅಂದರೆ ಕೆಲಸ ಮಾಡದೆ ಸಂಬಳ ತಗೊಳ್ಳುವವನಾಗುತ್ತಾನೆ. ಹೈದರಾಬಾದಿನ ಅನಿತಾ ಅವನನ್ನು ಮದುವೆಯಾಗಿ ಬಂದು, ಈ ಮನೆಯವರು ಮಾತಾಡದೆ ಮುಚ್ಚಿಟ್ಟಿದ್ದನ್ನೆಲ್ಲ ಎದುರಿಗೇ ಕೇಳುತ್ತಾಳೆ. ಕೊನೆಯಲ್ಲಿ ಅನಿತಾ ತವರಿಗೆ ಹೋಗಿದ್ದಾಳೆ, ವಾಪಸ್ ಬರಬೇಕು. ಅವನು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಕೈ ತೊಳೆದುಕೊಳ್ಳಿ ಸರ್, ರಕ್ತ ಆಗಿದೆ ಅಂತ ವೇಟರ್ ವಿನ್ಸೆಂಟ್ ಹೇಳುತ್ತಾನೆ. ಅಷ್ಟೇ. ಮುಗೀತು.

ನನಗೆ ಈ ಪುಸ್ತಕ ತುಂಬಾ ಇಷ್ಟ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಸಂಜೆ ಇಷ್ಟಪಟ್ಟವರ ಕಡೆ ಕೂತಿದ್ದ ನಾವು ಆಡಿದ ಮಾತೆಲ್ಲ ಬರೀ ಜೊಳ್ಳು.

ಸಾಫ್ಟ್‌ವೇರ್ ಹುಡುಗ ಶುರು ಮಾಡಿದ. ಅವನು ಓದಿದ್ದು ಇಂಗ್ಲಿಷಿನಲ್ಲಿ, ಶ್ರೀನಾಥ್ ಪೆರೂರರ ಅನುವಾದ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪಾರುಲ್ ಸೆಹಗಲ್ ಇದನ್ನು ಶ್ರೇಷ್ಠ ಭಾರತೀಯ ಕಾದಂಬರಿ ಅಂತ ಕೊಂಡಾಡಿದ್ದು, ಸುಕೇತು ಮೆಹ್ತಾ ಇವರನ್ನು ಭಾರತದ ಚೆಕಾಫ್ ಅಂದದ್ದು, ಎಲ್ಲ ಹೇಳಿದ. ಸರಿ, ನಿನಗೆ ಏನು ಇಷ್ಟ ಆಯ್ತು ಅಂತ ಟೀಚರ್ ಕೇಳಿದರು. 'ಅಂದ್ರೆ... ಸಟಲ್ ಆಗಿದೆ ಮೇಡಂ' ಅಂದ. ನಾನು ನೆರವಿಗೆ ಹೋದೆ. ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಹೇಳ್ತಾರೆ ನೋಡಿ ಅಂದೆ. ಬ್ಯಾಂಕಿನವರು ತಲೆ ಆಡಿಸಿದರು. ಅಲ್ಲಿಗೆ ನಮ್ಮ ಪಕ್ಷದ ವಾದ ಮುಗಿಯಿತು. ಇಷ್ಟಪಟ್ಟ ಪುಸ್ತಕದ ಬಗ್ಗೆ ಮಾತಾಡೋದು ಯಾಕೆ ಇಷ್ಟು ಕಷ್ಟ ಅಂತ ನನಗೆ ಯಾವಾಗಲೂ ಆಶ್ಚರ್ಯ. ಚೆನ್ನಾಗಿದೆ ಅಂದ ಕೂಡಲೇ ಕಣ್ಣು ಮುಚ್ಚಿಕೊಂಡುಬಿಡುತ್ತೇವೆ ಅನಿಸುತ್ತದೆ. ಸಿಟ್ಟು ಬಂದವರು ಹಾಗಲ್ಲ, ಪುಟ ತಿರುವಿ ತಿರುವಿ ಸಾಕ್ಷಿ ಹುಡುಕಿರುತ್ತಾರೆ.

ಅಂಗಡಿಯವರಿಗೆ ಸಿಟ್ಟು ಬಂದಿತ್ತು. ಅವರ ಮನೆಯದೂ ಅಣ್ಣತಮ್ಮಂದಿರು ಸೇರಿ ನಡೆಸುವ ವ್ಯಾಪಾರ. 'ಒಬ್ಬ ಮನುಷ್ಯ ಬೆಳಗ್ಗೆಯಿಂದ ರಾತ್ರಿವರೆಗೆ ದುಡಿದು ಮನೆಯವರನ್ನೆಲ್ಲ ಸಾಕ್ತಾನೆ. ಅವನೇ ಇಲ್ಲಿ ವಿಲನ್. ಕೂತು ಕಾಫಿ ಕುಡಿಯೋನು ಹೀರೋ. ಇದ್ಯಾವ ನ್ಯಾಯ ರೀ?' ಅಂತ ಶುರು ಮಾಡಿದರು. ಹೀರೋ ಅಲ್ಲ ಸರ್, ಅವನನ್ನ ಲೇಖಕರು ಹಾಗೆ ನೋಡಿಲ್ಲ ಅಂತ ನಾವು ಸಮಾಧಾನ ಹೇಳೋಕೆ ಹೋದರೆ ಅವರು ಕೇಳಲಿಲ್ಲ. ಅವರ ದೂರು ಬೇರೆಯೇ ಇತ್ತು. ಈ ಪುಸ್ತಕದಲ್ಲಿ ವ್ಯಾಪಾರ ಅನ್ನೋದು ಹಣ ಸುರಿಸುವ ಮರದ ಹಾಗೆ ನಿಂತಿದೆ, ಅದಕ್ಕೆ ನೀರು ಹಾಕುವವರು ಯಾರೂ ಕಾಣುವುದಿಲ್ಲ ಅಂತ. ಮಸಾಲೆ ಪ್ಯಾಕೆಟ್ ಮಾಡೋದು ದೊಡ್ಡ ಕೆಲಸ ಅಲ್ಲ. ಅಂಗಡಿಗೆ ಹಾಕೋದೂ ಕಷ್ಟ ಅಲ್ಲ. ಹಾಕಿದ ಮಾಲಿನ ದುಡ್ಡು ವಸೂಲಿ ಮಾಡೋದಿದೆಯಲ್ಲ, ಪ್ರಾಣ ಹೋಗೋದು ಅಲ್ಲಿ. ಹೊಸ ಬ್ರಾಂಡಿಗೆ ಯಾರೂ ಕೈಯಲ್ಲಿ ಹಣ ಇಡುವುದಿಲ್ಲ, ಎಲ್ಲ ಉದ್ರಿ. ಮುಂದಿನ ಲೋಡು ಬಂದಾಗ ಹಿಂದಿನದು ಕೊಡ್ತೀನಿ ಅಂತಾರೆ. ಆ ಲೋಡಿಗೂ ಅದೇ ಮಾತು. ಒಬ್ಬನೇ ಮನುಷ್ಯ, ಹಿಂದೆ ದುಡ್ಡಿಲ್ಲ, ದೊಡ್ಡವರ ಬೆಂಬಲ ಇಲ್ಲ, ಇಷ್ಟು ಬೇಗ ಈ ಮಟ್ಟಕ್ಕೆ ಹೇಗೆ ಬಂದ? ವಸೂಲಿ ಹೇಗೆ ಮಾಡಿದ? 'ಅದನ್ನ ಬರೆದೇ ಇಲ್ಲ. ವ್ಯಾಪಾರ ಗೊತ್ತಿಲ್ಲದವರು ಬರೆದ್ರೆ ಹೀಗೇ ಆಗೋದು' ಅಂದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಕೀಲೆ ಕೇಳಿದರು, 'ಸರ್, ಮಾಲತಿ ಗಂಡನ ಮನೆಯಿಂದ ಒಡವೆ ತರೋಕೆ ಹೋಗ್ತಾಳಲ್ಲ, ಜೊತೆಗೆ ಯಾರು ಹೋಗ್ತಾರೆ?'

ಅಂಗಡಿಯವರು ಅವರನ್ನೇ ನೋಡಿದರು. ಪುಸ್ತಕ ತೆಗೆದರು. ಮಾಲತಿಯ ಜೊತೆ ಹೋಗುವವರು ಮನೆಯ ಹಿರಿಯರಲ್ಲ, ಅದೇ ಕೆಲಸಕ್ಕೆ ಇರೋ ಥರದ ಜನ. ಓದುವಾಗ ಅದು ಅಕ್ಕನ ಜಗಳಗಂಟಿತನದ ತಮಾಷೆಯ ಹಾಗೆ ದಾಟಿ ಹೋಗುತ್ತದೆ. ನಾನೂ ದಾಟಿ ಹೋಗಿದ್ದೆ. 'ಅಂಥ ಜನ ಒಡವೆ ತರೋದಕ್ಕೇ ಅಂತ ಯಾರ ಹತ್ರಾನೂ ಇರಲ್ಲ' ಅಂದರು ಅಂಗಡಿಯವರು, ನಿಧಾನವಾಗಿ. 'ಮೊದಲೇ ಬೇರೆ ಕೆಲಸಕ್ಕೆ ಇಟ್ಕೊಂಡಿದ್ರೆ ಮಾತ್ರ ಇಂಥದ್ದಕ್ಕೂ ಸಿಗ್ತಾರೆ.'

ನನ್ನ ಪ್ರಕಾರ ಆ ಸಂಜೆಯ ಅತ್ಯುತ್ತಮ ವಿಮರ್ಶೆ ಇದೇ. ಪತ್ರಿಕೆಗಳಲ್ಲಿ ಬಂದ ಯಾವುದಕ್ಕೂ ಇದು ಕಮ್ಮಿ ಇಲ್ಲ. ಕತೆ ಹೇಳುವವನು ತನ್ನ ಅನ್ನ ಎಲ್ಲಿಂದ ಬರುತ್ತೆ ಅಂತ ತಿಳಿದುಕೊಳ್ಳದೆ ಇರೋಕೆ ಎಷ್ಟು ಕಷ್ಟಪಡುತ್ತಾನೆ ಅನ್ನೋದು ಇಡೀ ಪುಸ್ತಕದ ಜೀವ. ಅವನು ಹೇಳದೆ ಬಿಟ್ಟದ್ದನ್ನು ಸುಳ್ಳು ಅನ್ನೋಕಾಗಲ್ಲ, ಅವನು ಕೇಳಿಯೇ ಇಲ್ಲ. ಡೈರೆಕ್ಟರ್ ಅಂತ ಹೆಸರು ಇದೆ, ಆದರೆ ಗೋಡೌನಿನಲ್ಲಿ ಏನು ನಡೆಯುತ್ತೆ ಗೊತ್ತಿಲ್ಲ. ಇದನ್ನು ಹಿಡಿಯೋಕೆ ಸೂಕ್ಷ್ಮ ಓದುಗರೇ ಆಗಬೇಕಿರಲಿಲ್ಲ. ಉದ್ರಿ ಪುಸ್ತಕ ಬರೆದು ಗೊತ್ತಿರುವ, ಈ ಕಾದಂಬರಿಯ ಮೇಲೆ ಸಿಟ್ಟಾದ ಒಬ್ಬರು ಸಾಕಾಯಿತು. ತಮಾಷೆ ಅಂದರೆ ಇಷ್ಟೆಲ್ಲ ಆದ ಮೇಲೂ ಅಂಗಡಿಯವರು ಪುಸ್ತಕ ಚೆನ್ನಾಗಿದೆ ಅಂತ ಒಪ್ಪಲಿಲ್ಲ. ಇದ್ದಿದ್ದನ್ನ ಇದೆ ಅಂತ ಬರೀಬೇಕಪ್ಪ, ನಮ್ಮ ಕೈಲಿ ಯಾಕೆ ಹುಡುಕಿಸಬೇಕು ಅಂದರು.

ಆಂಟಿಯ ತಕರಾರು ಇನ್ನೂ ಗಟ್ಟಿಯಾಗಿತ್ತು. ಅದಕ್ಕೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ.

ಬಾಗಿಲ ಬಳಿಯ ಒಂದು ದೃಶ್ಯ ಇದೆ. ಪುಸ್ತಕ ಓದಿದ ಯಾರೂ ಅದನ್ನು ಮರೆಯುವುದಿಲ್ಲ. ಸುಹಾಸಿನಿ ಅನ್ನುವ ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆಗೆ ಬರುತ್ತಾಳೆ, ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಪದಾರ್ಥ ಮಾಡಿಕೊಂಡು. ಅಮ್ಮ ಮತ್ತು ಮಾಲತಿ ಬಾಯಿಗೆ ಬಂದ ಹಾಗೆ ಬೈದು ಅವಳನ್ನು ಓಡಿಸುತ್ತಾರೆ. ತಂದ ಊಟ ನೆಲದ ಪಾಲಾಗುತ್ತದೆ. ಅನಿತಾ ಒಬ್ಬಳೇ ಇದನ್ನು ವಿರೋಧಿಸುವುದು. ಸಾಮಾನ್ಯವಾಗಿ ಇಲ್ಲಿಂದ ಎಲ್ಲರ ಮನಸ್ಸು ಅನಿತಾ ಕಡೆಗೆ ವಾಲುತ್ತದೆ. ಆ ಮನೆಯ ಹೆಂಗಸರು ರಾಕ್ಷಸಿಯರು ಅನಿಸಿಬಿಡುತ್ತದೆ. ಟೀಚರ್ ಅದನ್ನೇ ಹೇಳುತ್ತಿದ್ದರು.

'ಚಿಕ್ಕಪ್ಪ ಎಲ್ಲಿದ್ದ?' ಅಂತ ಆಂಟಿ ಕೇಳಿದರು.

ಮನೆಯಲ್ಲೇ ಇದ್ದ.

'ಅದೇ ಹೇಳ್ತಿರೋದು. ಕರೆಸಿಕೊಂಡವನು ಅವನು, ರುಚಿ ನೋಡಿದವನು ಅವನು. ಬೈಯೋ ಕೆಲಸಕ್ಕೆ ನಾವು. ಅಪ್ಪ ಎಲ್ಲಿದ್ದ? ಈ ಹುಡುಗ ಎಲ್ಲಿದ್ದ? ಒಬ್ರೂ ಬಾಗಿಲಿಗೆ ಬರಲಿಲ್ಲ. ಕೊಳಕು ಕೆಲಸ ಹೆಂಗಸರ ಕೈಲಿ ಮಾಡಿಸಿ, ಆಮೇಲೆ ಅಯ್ಯೋ ನಮ್ಮ ಮನೆ ಹೆಂಗಸರು ಹೀಗೆ ಅಂತ ಕಾಫಿ ಕುಡೀತಾ ಬೇಜಾರು ಮಾಡ್ಕೊಳ್ಳೋದು.'

ಟೀಚರ್ ಬಿಡಲಿಲ್ಲ. ಕತೆ ಹೇಳುವವನನ್ನು ನಂಬಬೇಡಿ ಅಂತ ಲೇಖಕರೇ ಹೆಜ್ಜೆ ಹೆಜ್ಜೆಗೂ ಸೂಚನೆ ಕೊಟ್ಟಿದ್ದಾರೆ ಆಂಟಿ, ಅಂದರು. ಚಿತ್ರಾ ಪ್ರಸಂಗ ನೆನಪಿಸಿದರು. ಅನಿತಾಗೆ ಮುಂಚೆ ಇವನಿಗೆ ಪರಿಚಯ ಇದ್ದ ಹುಡುಗಿ, ಮಹಿಳಾ ಸಂಘಟನೆಯಲ್ಲಿ ಕೆಲಸ ಮಾಡುವವಳು. ಹೆಂಗಸರಿಗೆ ಮನೆಗಳಲ್ಲಿ ಆಗುವ ಅನ್ಯಾಯದ ಕತೆಗಳನ್ನು ಅವಳು ಅದೇ ಕಾಫಿ ಹೌಸಿನಲ್ಲಿ ಕೂತು ಇವನಿಗೆ ಹೇಳುತ್ತಿದ್ದಳು. ಎಲ್ಲ ಕೇಳಿ ಗೊತ್ತಿದ್ದವನು ತನ್ನ ಮನೆಯ ಬಾಗಿಲಲ್ಲೇ ಇದು ನಡೆದಾಗ ಸುಮ್ನಿದ್ದ. ಅವನ ಸುಮ್ಮನಿರುವಿಕೆಯೇ ಅಪರಾಧ ಅಂತ ಪುಸ್ತಕ ಹೇಳುತ್ತಿದೆಯಲ್ವಾ?

'ಹೇಳ್ತಿದೆ ಅಂತ ನೀನು ಹೇಳ್ತಿದ್ದೀಯ' ಅಂದರು ಆಂಟಿ. 'ನಾನು ಓದಿದಾಗ ನನಗೆ ಕೇಳಿಸಿದ್ದು ಅಮ್ಮನ ಬೈಗುಳ ಮಾತ್ರ. ಅಷ್ಟು ಜೋರಾಗಿ ಬರೆದಿದ್ದಾರೆ ಅದನ್ನ. ಸುಮ್ನಿದ್ದವರನ್ನ ಸುಮ್ನೆ ಬರೆದಿದ್ದಾರೆ.'

ಇದಕ್ಕೆ ಏನು ಹೇಳೋದು? ಬೈಗುಳ ಕಿವಿಗೆ ಬೀಳುತ್ತೆ, ಮೌನ ಬೀಳಲ್ಲ. ಗಂಡಸಿನ ಮೌನವನ್ನು ದೂಷಿಸುವ ಪುಸ್ತಕ, ಓದುವವರ ನೆನಪಿನಲ್ಲಿ ಕೊನೆಗೆ ಉಳಿಸುವುದು ಹೆಂಗಸಿನ ಬಾಯನ್ನು. ಇದು ಪುಸ್ತಕದ ಕೊರತೆಯಾ, ನಮ್ಮ ಕಿವಿಯ ಕೊರತೆಯಾ? ಟೀಚರ್ ಹೇಳಿದ್ದು ಸರಿ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಪುಸ್ತಕ ಓದಿದ ಹತ್ತು ಜನರನ್ನು ನಿಲ್ಲಿಸಿ ಈ ಕತೆಯಲ್ಲಿ ಕೆಟ್ಟವರು ಯಾರು ಅಂತ ಕೇಳಿದರೆ, ಅಮ್ಮ ಮತ್ತು ಮಾಲತಿಯ ಹೆಸರು ಮೊದಲು ಬರುತ್ತೆ ಅಂತಲೂ ಅನಿಸುತ್ತದೆ. ಆಂಟಿಯ ದೂರು ಇರುವುದು ಅಲ್ಲೇ.

ಇರುವೆಗಳ ಬಗ್ಗೆಯೂ ಅವರು ಒಂದು ಮಾತು ಹೇಳಿದರು. ಹಳೇ ಮನೆಯಲ್ಲಿ ಅಮ್ಮ ಇರುವೆಗಳ ಮೇಲೆ ಯುದ್ಧ ಸಾರಿರುತ್ತಾಳೆ. ಕಂಡಲ್ಲಿ ಹೊಸಕುವುದು, ಅದರಲ್ಲಿ ಮನೆಯವರಿಗೆಲ್ಲ ಒಂಥರಾ ಖುಷಿ. ವಿಮರ್ಶಕರು ಇದನ್ನು ಮುಂದೆ ಬರುವ ಕ್ರೌರ್ಯದ ಮುನ್ಸೂಚನೆ ಅಂತ ಓದುತ್ತಾರೆ, ನಾನೂ ಹಾಗೇ ಓದಿದ್ದು. ಆಂಟಿ ನಕ್ಕರು. 'ಇರುವೆ ಕೊಂದವಳು ಮನುಷ್ಯರನ್ನೂ ಕೊಲ್ತಾಳೆ ಅಂತಾನಾ? ಸಕ್ಕರೆ ಡಬ್ಬಿ ತಟ್ಟೆ ನೀರಲ್ಲಿ ಇಟ್ಟು, ರಾತ್ರಿ ಎದ್ದು ಹಾಲಿನ ಪಾತ್ರೆ ನೋಡಿ ಮಲಗಿದವರಿಗೆ ಗೊತ್ತು ಅದು ಏನು ಅಂತ.' ಆ ಕೋಣೆಗಳಲ್ಲಿ ಇಷ್ಟು ಜನಕ್ಕೆ ಅನ್ನ ಬೇಯಿಸಿದ ಒಬ್ಬಳ ದಿನ ಹೇಗಿತ್ತು ಅನ್ನೋದಕ್ಕೆ ಅವರು ಇರುವೆಗಳನ್ನು ಸಾಕ್ಷಿಯಾಗಿ ತಗೊಂಡಿದ್ದರು. ಅದೇ ಪುಟ, ಅದೇ ಸಾಲು.

ಇನ್ನು ಕೊನೆ. ಅನಿತಾ ಸತ್ತಳಾ ಇಲ್ಲವಾ ಅನ್ನೋದರ ಮೇಲೆ ಗಲಾಟೆ ಆಗುತ್ತೆ ಅಂತ ಗೊತ್ತೇ ಇತ್ತು. ಆಯಿತು. ಹೆಚ್ಚು ಸಮಯ ಹೋದದ್ದೂ ಅದಕ್ಕೇ, ಕಡಿಮೆ ಲಾಭ ಆದದ್ದೂ ಅದರಿಂದಲೇ. ಸಾಫ್ಟ್‌ವೇರ್ ಹುಡುಗ ಅವಳನ್ನು ಮನೆಯವರೇ ಮುಗಿಸಿದರು ಅಂತ ಖಚಿತವಾಗಿ ಹೇಳಿದ. ಹಿಂದಿನ ದೃಶ್ಯದಲ್ಲಿ ಮನೆಯವರೆಲ್ಲ ಕೂತು ಕೊಲೆಯ ವಿಷಯವನ್ನು ಲೋಕಾಭಿರಾಮವಾಗಿ ಮಾತಾಡುತ್ತಾರಲ್ಲ, ಅದು ಸಾಕ್ಷಿ ಅಂದ. ಟೀಚರ್ ಪ್ರಕಾರ ಏನೂ ಆಗಿಲ್ಲ, ಅವಳು ಬುದ್ಧಿವಂತೆ, ವಾಪಸ್ ಬರಲೇ ಇಲ್ಲ ಅಷ್ಟೇ. ಅಂಗಡಿಯವರಿಗೆ ಈ ಅರ್ಧಂಬರ್ಧ ವ್ಯವಹಾರವೇ ಹಿಡಿಸಲಿಲ್ಲ.

ಆಂಟಿ 'ಗೃಹಭಂಗ'ವನ್ನು ಎಳೆದು ತಂದರು. ಭೈರಪ್ಪನವರ ಆ ಕಾದಂಬರಿ ಬಂದದ್ದು 1970ರಲ್ಲಿ. ಅದರಲ್ಲೂ ಮನೆ, ಅತ್ತೆ, ಸೊಸೆ ನಂಜಮ್ಮ, ಬೈಗುಳ. 'ನಂಜಮ್ಮ ಸತ್ತಾಗ ನಾನು ಎರಡು ದಿನ ಊಟ ಮಾಡಿರಲಿಲ್ಲ. ಈ ಅನಿತಾ ಸತ್ತಳೋ ಬದುಕಿದಾಳೋ ಅಂತಾನೂ ಹೇಳದೆ ಪುಸ್ತಕ ಮುಚ್ಚಿಬಿಟ್ರೆ ನಾನು ಯಾರಿಗೆ ಅಂತ ಅಳಲಿ?' ಅಂದರು. ಬ್ಯಾಂಕಿನವರು ಮೊದಲ ಬಾರಿಗೆ ಬಾಯಿ ತೆಗೆದು, 'ಸಂಸ್ಕಾರ'ವೂ ಹಾಗೇ ನಿಲ್ಲುತ್ತಲ್ವಾ ಅಂದರು. ನಿಜ, ಅನಂತಮೂರ್ತಿಯವರ 1965ರ ಆ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯ ಗಾಡಿಯಲ್ಲಿ ಕೂತು ದೂರ್ವಾಸಪುರಕ್ಕೆ ಹೊರಟಿರುತ್ತಾನೆ, ಹೋಗಿ ಏನು ಹೇಳಿದ ಅನ್ನೋದು ಇಲ್ಲ. ಅದಕ್ಕೂ ಆಂಟಿ ಉತ್ತರ ಇಟ್ಟುಕೊಂಡಿದ್ದರು. ಪ್ರಾಣೇಶಾಚಾರ್ಯನ ಮನಸ್ಸು ಪೂರ್ತಿ ಗೊತ್ತಾದ ಮೇಲೆ ಕತೆ ನಿಲ್ಲುತ್ತೆ, ಅವನು ಏನು ಮಾಡಿದ್ರೂ ನನಗೆ ಅವನು ಗೊತ್ತು. ಇವನು ಯಾರು ಅಂತಲೇ ಗೊತ್ತಿಲ್ಲ. ಹೆಸರೂ ಇಲ್ಲ ಇವನಿಗೆ!

ವಕೀಲೆ ಇಷ್ಟಪಟ್ಟವರ ಕಡೆಯೂ ಇರಲಿಲ್ಲ, ಇಷ್ಟಪಡದವರ ಕಡೆಯೂ ಇರಲಿಲ್ಲ. ಇದು ಚೆನ್ನಾಗಿ ಕಟ್ಟಿದ ಪುಸ್ತಕ, ಆದರೆ ತಣ್ಣಗಿದೆ ಅಂದರು. ಅವರ ಮಾತು ಮಾತ್ರ ನೇರವಾಗಿತ್ತು. ಶವ ಇಲ್ಲ, ದೂರಿಲ್ಲ, ಸಾಕ್ಷಿ ಇಲ್ಲ, ಹಾಗಾಗಿ ಕೊಲೆ ಅಂತ ಹೇಳೋಕೆ ಬರಲ್ಲ. ಹುಡುಗನ ಕೇಸು ಮೊದಲ ದಿನವೇ ಬಿದ್ದು ಹೋಗುತ್ತೆ. 'ಆದ್ರೆ ಒಂದು ವಿಷಯ ನೋಡಿ. ಹೆಂಡತಿ ಊರಿಂದ ಬರಬೇಕು, ಏನಾಗಿದೆಯೋ ಅಂತ ಗಂಡನಿಗೆ ಎದೆ ಹೊಡ್ಕೊಳ್ತಿದೆ. ಅಂಥವನು ಎಲ್ಲಿರಬೇಕು? ರೈಲ್ವೆ ಸ್ಟೇಷನ್ನಲ್ಲಿರಬೇಕು, ಪೊಲೀಸ್ ಸ್ಟೇಷನ್ನಲ್ಲಿರಬೇಕು. ಕೂತಿರೋದು ಕಾಫಿ ಹೌಸಲ್ಲಿ.' ತಮ್ಮ ಕೋರ್ಟಿಗೆ ಬರುವ ಗಂಡಂದಿರಲ್ಲಿ ಹೊಡೆದವರಿಗಿಂತ ಇಂಥವರೇ ಜಾಸ್ತಿ ಅಂದರು. ಅಮ್ಮ ಹೊಡೆದಳು, ಅಕ್ಕ ಬೈದಳು, ನಾನು ಏನೂ ಮಾಡಿಲ್ಲ ಮೇಡಂ ಅಂತಾರಂತೆ. ಏನೂ ಮಾಡಿಲ್ಲ ಅನ್ನೋದನ್ನು ಎಷ್ಟು ಧೈರ್ಯವಾಗಿ ಹೇಳ್ತಾರೆ ಅಂದ್ರೆ, ಅದೇ ತಮ್ಮ ಮೇಲಿನ ಆರೋಪ ಅಂತ ಅವರಿಗೆ ಹೊಳೆಯೋದೇ ಇಲ್ಲವಂತೆ.

ಇದಾದ ಮೇಲೆ ಸತ್ತಳಾ ಇಲ್ಲವಾ ಅನ್ನೋ ಚರ್ಚೆಗೆ ಅರ್ಥ ಉಳಿಯಲಿಲ್ಲ. ಹುಡುಗ ಮಾತ್ರ ಇನ್ನೂ ಸ್ವಲ್ಪ ಹೊತ್ತು ಎಳೆದ. (ಪುಸ್ತಕ ಓದಿದ ಖುಷಿಯಲ್ಲಿ ಅವನು ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಹೋಗಿ ಬಂದಿದ್ದ. ಅದು 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಹಳಬರಿಗೆ ಎಂ.ಜಿ. ರಸ್ತೆಯ ಆ ಕಿಟಕಿ ಪಕ್ಕದ ಸೀಟುಗಳ ಬಗ್ಗೆ ಮಾತಾಡೋಕೆ ಒಂದು ನೆಪ ಸಿಕ್ಕಿತು. ಅಲ್ಲಿಗೆ ಹದಿನೈದು ನಿಮಿಷ ಹೋಯಿತು.)

ಇಷ್ಟಪಡದವರೇ ಚೆನ್ನಾಗಿ ಓದಿದ್ದರು ಅಂತ ನಾನು ಹೇಳುವುದಕ್ಕೆ ಒಂದು ಅಪವಾದ ಇದೆ. ಅದು ಬ್ಯಾಂಕಿನವರು.

ಅವರು ಇಡೀ ಸಂಜೆ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, ಅಪ್ಪನ ಬಗ್ಗೆ ಯಾರೂ ಮಾತಾಡಲೇ ಇಲ್ವಲ್ಲ ಅಂದರು. ಹೌದು, ಆಡಿರಲಿಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ದೇಶದಲ್ಲಿ ಸುಮಾರು 1 ಲಕ್ಷ ಜನ ಒಟ್ಟಿಗೆ ಕೆಲಸ ಬಿಟ್ಟರು. ಇವರ ಶಾಖೆಯಲ್ಲೂ ಬಿಟ್ಟವರಿದ್ದರು. ಐವತ್ತರ ಆಸುಪಾಸಿನ ಗಂಡಸರು, ಜೀವನದಲ್ಲಿ ಮೊದಲ ಬಾರಿಗೆ ಅಷ್ಟು ದೊಡ್ಡ ಮೊತ್ತ ಕೈಯಲ್ಲಿ. ಆ ಹಣ ಭಾವಮೈದುನನ ಅಂಗಡಿಗೋ, ತಮ್ಮನ ಫ್ಯಾಕ್ಟರಿಗೋ, ಮಗನ ಹೊಸ ಯೋಜನೆಗೋ ಹೋಗೋದನ್ನು ಇವರು ಕೌಂಟರಿನ ಈ ಕಡೆ ಕೂತು ನೋಡಿದವರು. ಮುಳುಗಿದ್ದು ಎಷ್ಟೋ ಇದೆ. ಇವರು ಹೇಳಿದ್ದು ಮುಳುಗಿದವರ ಬಗ್ಗೆ ಅಲ್ಲ.

'ಗೆದ್ದವರ ಕತೆ ಕಷ್ಟ' ಅಂದರು. 'ಹಣ ಹಾಕಿದವನು ಇವನು. ಕಾಗದದ ಮೇಲೆ ಅರ್ಧ ಪಾಲು ಇವನದ್ದೇ. ಆದ್ರೆ ದುಡಿಯೋನು ತಮ್ಮ ಅಲ್ವಾ, ಮನೇಲಿ ಬಿಸಿ ಬಿಸಿ ಬಡಿಸೋದು ಅವನಿಗೆ.' ಕಾದಂಬರಿಯಲ್ಲಿ ಮನೆಯವರಿಗೆ ಅಪ್ಪನ ಬಗ್ಗೆ ಇರುವ ಒಂದೇ ಭಯ ಅವನ ಉಯಿಲು. ಅವನು ತನ್ನ ಪಾಲನ್ನು ಯಾವುದಾದರೂ ಟ್ರಸ್ಟಿಗೋ ಇನ್ಯಾರಿಗೋ ಬರೆದುಬಿಟ್ಟರೆ ಅಂತ. ಅದಕ್ಕೇ ಅವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವನ ಹಳೇ ಸಂಬಳದ ದಿನಗಳನ್ನು ನೆನಪಿಸಿಕೊಳ್ಳಿ. ಲೆಕ್ಕ ತಾಳೆಯಾಗದ ರಾತ್ರಿ ಮನೆ ಮಂದಿಯೆಲ್ಲ ಎದ್ದು ಕೂತು ಅವನ ಜೊತೆ ಕೂಡಿಸಿ ಕಳೆದು ಹುಡುಕುತ್ತಾರೆ. ಅಪ್ಪನ ಲೆಕ್ಕ ತಪ್ಪಿದರೆ ಎಲ್ಲರ ಬದುಕು ತಪ್ಪುತ್ತದೆ ಅನ್ನೋ ಕಾಲ ಅದು. ಆಮೇಲೆ ಅವನ ಲೆಕ್ಕ ಯಾರಿಗೂ ಬೇಡ. ಪೇಪರ್ ಓದಿಕೊಂಡು ಕೂತಿರುವ, ಎಲ್ಲ ನೋಡುವ, ಮಾತಾಡದ ಒಬ್ಬ ಮುದುಕ. 'ಮಗ ಕಾಫಿ ಹೌಸಲ್ಲಿ ಕೂತಿರೋದು ಇವನನ್ನ ನೋಡಿ ಕಲಿತದ್ದು' ಅಂದು ಬ್ಯಾಂಕಿನವರು ಸ್ಕೂಟರ್ ಹತ್ತಿದರು.

ಇಷ್ಟನ್ನು ಒಳಗೆ ಯಾಕೆ ಹೇಳಲಿಲ್ಲ ಸರ್ ಅಂತ ಕೇಳಿದೆ. ಇಷ್ಟ ಆಯ್ತಲ್ಲ, ಅದಕ್ಕೆ ಅಂದರು.

ಆ ರಾತ್ರಿ ನಾನು ಪುಸ್ತಕವನ್ನು ಮತ್ತೆ ಓದಿದೆ. 2013ರಲ್ಲಿ ಹೆಗ್ಗೋಡಿನ ಅಕ್ಷರ ಪ್ರಕಾಶನ ಇದನ್ನು ತಂದಾಗ ಕನ್ನಡದಲ್ಲಿ ಓದಿ ಮೆಚ್ಚಿದವರು ಇದ್ದರು, ಆದರೆ ಈ ಮಟ್ಟದ ಗದ್ದಲ ಆದದ್ದು ಇಂಗ್ಲಿಷಿಗೆ ಹೋಗಿ ಹೊರಗಿನವರು ಹೊಗಳಿದ ಮೇಲೇ. ಆ ಬಗ್ಗೆ ನಮ್ಮ ಗುಂಪಿನಲ್ಲೂ ಒಂದಿಷ್ಟು ಮುಖ ಸಿಂಡರಿಸುವುದು ನಡೆಯಿತು. ಹಳೇ ದೂರು, ಬಿಡಿ. ಮತ್ತೆ ಓದುವಾಗ ನನ್ನ ತಲೆಯಲ್ಲಿ ಚೆಕಾಫ್ ಇರಲಿಲ್ಲ, ನ್ಯೂಯಾರ್ಕ್ ಇರಲಿಲ್ಲ. ಉದ್ರಿ ವಸೂಲಿ ಇತ್ತು. ಒಳಗಡೆ ಕೂತ ಚಿಕ್ಕಪ್ಪ ಇದ್ದ. ಊಟಿಗೆ ಮಧುಚಂದ್ರಕ್ಕೆ ಹೋದ ಆ ಇಬ್ಬರು ಇದ್ದರು. ಆ ಭಾಗ ಎಷ್ಟು ಮುದ್ದಾಗಿದೆ ಅಂತ ಮೊದಲ ಓದಿನಲ್ಲಿ ಅನಿಸಿತ್ತು. ಈ ಸಲ, ಅಲ್ಲಿನ ಖರ್ಚೆಲ್ಲ ಯಾರದು ಅನ್ನೋ ಪ್ರಶ್ನೆ ಪಕ್ಕದಲ್ಲೇ ಬಂದು ಕೂತಿತು. ಗಂಡ ದುಡಿಯುವುದಿಲ್ಲ ಅಂತ ಗೊತ್ತಾದ ಮೇಲೆ ಅನಿತಾ ಕೇಳುವ ಪ್ರಶ್ನೆಗಳು ಜಗಳದ ಹಾಗೆ ಕೇಳಿಸಲಿಲ್ಲ. ಆ ಇಡೀ ಮನೆಯಲ್ಲಿ ಲೆಕ್ಕ ಕೇಳಿದವಳು ಅವಳೊಬ್ಬಳೇ. ಅಂಗಡಿಯವರು ಮತ್ತು ಅನಿತಾ ಒಂದೇ ಪ್ರಶ್ನೆ ಕೇಳಿದರು ಅನ್ನೋದು ಹೊಳೆದಾಗ ನಗು ಬಂತು. ಅವರಿಗೆ ಅನಿತಾ ಕಂಡರೆ ಆಗುವುದೇ ಇಲ್ಲ. ಬಾಯಿ ಜಾಸ್ತಿ ಅಂತ.

ಮಾರನೇ ದಿನ ಫೋನ್ ಮಾಡಿ ಅವರಿಗೆ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಕೇಳೋ ರೀತಿ ಅಂತ ಒಂದಿರುತ್ತೆ ಅಂದರು. ಆಂಟಿಗೂ ಹೇಳಿದೆ. ಹಾಗಾದ್ರೆ ಲೇಖಕರು ಅನಿತಾ ಕೈಲೇ ಕತೆ ಹೇಳಿಸಬೇಕಿತ್ತು, ಆಗ ನಾನು ಎರಡು ಸಲ ಓದ್ತಿದ್ದೆ ಅಂದರು. ಒಂದು ಸಲ ಯೋಚನೆ ಮಾಡಿ, ಇಲ್ಲ, ಅಮ್ಮನ ಕೈಲಿ ಹೇಳಿಸಬೇಕಿತ್ತು ಅಂತ ತಿದ್ದಿಕೊಂಡರು.

ಮುಂದಿನ ತಿಂಗಳಿಗೆ 'ಸಕೀನಾಳ ಮುತ್ತು' ಓದೋಣ, ಇದೇ ಲೇಖಕರ ಆಮೇಲಿನ ಕಾದಂಬರಿ ಅಂತ ಹುಡುಗ ಹೇಳಿ ನೋಡಿದ. ಸೋತ. ಆಂಟಿ ಹಟ ಹಿಡಿದು 'ಗೃಹಭಂಗ' ಗೆಲ್ಲಿಸಿದ್ದಾರೆ. ಬಾಯಿಗೆ ಬಂದ ಹಾಗೆ ಬೈಯುವ ಅತ್ತೆ ಗಂಗಮ್ಮನ ಪರವಾಗಿ ತಾವೇ ವಾದ ಮಾಡುವುದಾಗಿ ಈಗಲೇ ಹೇಳಿಟ್ಟಿದ್ದಾರೆ, ವಕೀಲೆ ನಂಜಮ್ಮನ ಕಡೆ ಅಂತೆ. ಅಂಗಡಿಯವರು ಪುಸ್ತಕದ ದಪ್ಪ ನೋಡಿ ಮುಖ ಸಣ್ಣಗೆ ಮಾಡಿದರು. ಇದರಲ್ಲಾದ್ರೂ ಲೆಕ್ಕಪತ್ರ ಸರಿಯಾಗಿ ಬರೆದಿದ್ದಾರಾ ಅಂತ ಕೇಳಿದರು. ಗಂಡ ಶ್ಯಾನುಭೋಗ, ಆದರೆ ಲೆಕ್ಕ ಬರೆಯೋದೆಲ್ಲ ನಂಜಮ್ಮನೇ ಸರ್ ಅಂದೆ. 'ಹಾಗಾ? ಕೊಡಿ ಮತ್ತೆ' ಅಂದರು.